ಮನಸ್ಸು ಕಟ್ಟುವ ವಿದ್ಯೆ: ಹೊಸೂರು ರಸ್ತೆಯಿಂದ ಹಾಲ್ಕುರಿಕೆಯವರೆಗೆ

1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಅಪ್ಪಳಿಸಿದ ಮಹಾಚಂಡಮಾರುತದ ವೇಗ ಗಂಟೆಗೆ 250 ಕಿಲೋಮೀಟರಿಗೂ ಮಿಗಿಲು. ಹತ್ತು ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರು. ಎರಸಮಾ ಸೀಮೆಯಲ್ಲಿ ಊರಿಗೆ ಊರೇ ಸಮುದ್ರದ ಪಾಲಾಯಿತು. ಅಕ್ಕಿ ಬಂತು, ಟಾರ್ಪಾಲು ಬಂತು, ಔಷಧಿ ಬಂತು. ಅವುಗಳ ಬೆನ್ನಿಗೇ ಬೆಂಗಳೂರಿನಿಂದ ಒಂದು ಅಪೂರ್ವ ವಿದ್ಯೆಯೂ ಬಂತು: ಸರ್ವಸ್ವವನ್ನೂ ಕಳೆದುಕೊಂಡವರ ಪಕ್ಕದಲ್ಲಿ ಕುಳಿತು, ಅವರ ಮಾತು ಕೇಳಿ, ಅವರನ್ನು ಮತ್ತೆ ಬದುಕಿಗೆ ಕರೆತರುವ ವಿದ್ಯೆ. ಅದನ್ನು ಕಲಿತವರು ಅಲ್ಲಿಯದೇ ಹಳ್ಳಿಗಳ ಯುವಕ ಯುವತಿಯರು. ಆಕ್ಷನ್ ಏಡ್ ಸಂಸ್ಥೆಯ ‘ಸ್ನೇಹ ಅಭಿಯಾನ’ದಲ್ಲಿ ಅವರನ್ನು ಸ್ನೇಹಕರ್ಮಿಗಳೆಂದು ಕರೆದರು. ಕಲಿಸಿದ್ದು ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್.

ಮನೋವೈದ್ಯಕೀಯ ಸಮಾಜಕಾರ್ಯ ಎಂಬ ಶಾಸ್ತ್ರವನ್ನು ವಿಪತ್ತಿನ ಭೂಮಿಗೆ ಕೊಂಡೊಯ್ದವರಲ್ಲಿ ಅಗ್ರಗಣ್ಯರು ಡಾ. ಕೆ. ಶೇಖರ್. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಕುಲಸಚಿವರಾಗಿ ದುಡಿದ ಅವರ ವೃತ್ತಿಜೀವನ ಭೂಕಂಪ, ಗಲಭೆ, ಸುನಾಮಿ, ಪ್ರವಾಹ, ಮಹಾಮಾರಿಗಳ ನಡುವೆ ಹಾದುಬಂದಿದೆ. ಅದರುದ್ದಕ್ಕೂ ಒಂದು ನಂಬಿಕೆ ಸ್ಥಿರವಾಗಿದೆ. ನೊಂದ ಸಮುದಾಯವನ್ನು ಎತ್ತಿ ನಿಲ್ಲಿಸುವ ಶಕ್ತಿ ಆ ಸಮುದಾಯದೊಳಗೇ ಇರುತ್ತದೆ. ತಜ್ಞನ ಕೆಲಸ ಅದನ್ನು ಗುರುತಿಸಿ, ತರಬೇತಿ ಕೊಟ್ಟು, ಪಕ್ಕಕ್ಕೆ ಸರಿದು ನಿಲ್ಲುವುದು. ಭಾರತೀಯ ಸಮಾಜಕಾರ್ಯ ಜಗತ್ತಿಗೆ ಕೊಟ್ಟ ಶ್ರೇಷ್ಠ ಚಿಂತನೆಗಳಲ್ಲಿ ಇದೂ ಒಂದೆಂದು ನಿಸ್ಸಂಕೋಚವಾಗಿ ಹೇಳಬಹುದು.

ಈ ಚಿಂತನೆಯ ಬೇರುಗಳಿರುವುದು ಕರ್ನಾಟಕದ ಮಣ್ಣಿನಲ್ಲೇ. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮೀಣ ಮಾನಸಿಕ ಆರೋಗ್ಯದ ಪ್ರಯೋಗ ಆರಂಭಿಸಿತು. 1980ರ ದಶಕದಲ್ಲಿ ಅದೇ ಪ್ರಯೋಗ ಬಳ್ಳಾರಿ ಜಿಲ್ಲೆಯಷ್ಟು ವಿಸ್ತಾರ ಪಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮನೋರೋಗಗಳನ್ನು ಗುರುತಿಸಿ ಉಪಚರಿಸಬಲ್ಲರೆಂದು ಬಳ್ಳಾರಿ ತೋರಿಸಿಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಜಿಲ್ಲೆಯೇ. ನಡುವೆ ಎರಡು ಘೋರ ದುರಂತಗಳು ಸಂಭವಿಸಿದವು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಬಲಿಯಾದರು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್ ತಂಡ ಅಧ್ಯಯನ ಮಾಡಿತು; ವಿಪತ್ತಿನ ಮಾನಸಿಕ ಪರಿಣಾಮವನ್ನು ಕುರಿತು ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ. ಅಲ್ಲಿನ ವೈದ್ಯಾಧಿಕಾರಿಗಳಿಗೆ ಸಂತ್ರಸ್ತರ ಮಾನಸಿಕ ಆರೈಕೆಯನ್ನು ಕಲಿಸಿ, ಕೈಪಿಡಿ ಬರೆದುಕೊಟ್ಟವರು ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಡಾ. ಮೋಹನ್ ಐಸಾಕ್. ಶ್ರೀನಿವಾಸ ಮೂರ್ತಿಯವರು ಮುಂದೆ, ಮಾನಸಿಕ ಆರೋಗ್ಯಕ್ಕೇ ಮೀಸಲಾದ ವಿಶ್ವ ಆರೋಗ್ಯ ಸಂಸ್ಥೆಯ 2001ರ ಜಾಗತಿಕ ವರದಿಗೆ ಪ್ರಧಾನ ಸಂಪಾದಕರಾದರು. ಶೇಖರ್ ಅವರ ಕೆಲಸ ಕುಡಿಯೊಡೆದದ್ದು ಇಂಥ ಪರಂಪರೆಯಲ್ಲಿ.

ಹಾಗಾದರೆ ಸ್ನೇಹಕರ್ಮಿ ಕಲಿಯುವುದೇನು? ಮೊದಲ ಪಾಠವೇ ಎಲ್ಲಕ್ಕಿಂತ ಕಠಿಣ: ಅಳುವವರನ್ನು ಅಳಬೇಡಿ ಎನ್ನಬಾರದು. ‘ಆದದ್ದಾಯಿತು, ಮರೆತುಬಿಡಿ’ ಎನ್ನುವ ನಮ್ಮ ರೂಢಿಯ ಸಾಂತ್ವನ ಇಲ್ಲಿ ವರ್ಜ್ಯ. ಒಳಗಿನ ದುಃಖ ಮಾತಾಗಿ ಹೊರಬರಲು ಅವಕಾಶ ಕೊಡಬೇಕು. ಅದೇ ಕಥೆಯನ್ನು ಹತ್ತನೆಯ ಸಲ ಹೇಳಿದರೂ ನಡುವೆ ಬಾಯಿ ಹಾಕದೆ, ಕಣ್ಣು ತಪ್ಪಿಸದೆ ಕೇಳಬೇಕು. ಎದುರಿಗಿರುವವರ ಸ್ಥಾನದಲ್ಲಿ ನಿಂತು ಅವರ ನೋವನ್ನು ಅರಿಯಬೇಕು. ಆಮೇಲೆ ಮೆಲ್ಲನೆ, ಚದುರಿಹೋದ ನೆಂಟರನ್ನೂ ನೆರೆಯವರನ್ನೂ ಒಟ್ಟುಗೂಡಿಸುವುದು. ಕೈಗೊಂದು ಕೆಲಸ ಹಚ್ಚಿ ಮನಸ್ಸನ್ನು ಹೊರಮುಖವಾಗಿಸುವುದು. ಮಕ್ಕಳಿಗೆ ಆಟ, ಹಿರಿಯರಿಗೆ ಭಜನೆ. ನಿಮ್ಹಾನ್ಸ್ ಕೈಪಿಡಿಗಳು ಆರೈಕೆಯ ಸೂತ್ರಗಳಲ್ಲಿ ಧಾರ್ಮಿಕ ಶ್ರದ್ಧೆಗೂ ಗೌರವದ ಸ್ಥಾನ ಕೊಟ್ಟಿವೆ. ಪಾಶ್ಚಾತ್ಯ ಪಠ್ಯಗಳ ನೆರಳಿನಲ್ಲಿ ಬೆಳೆದ ಶಿಸ್ತೊಂದು ಊರ ಗುಡಿಯನ್ನೂ ದರ್ಗಾವನ್ನೂ ಚಿಕಿತ್ಸೆಯ ಅಂಗವೆಂದು ಒಪ್ಪಿದ್ದು ಸಣ್ಣ ಧೈರ್ಯವಲ್ಲ.

ಆ ಧೈರ್ಯದ ನಿಜವಾದ ಪರೀಕ್ಷೆ ಗುಜರಾತಿನಲ್ಲಿ ನಡೆಯಿತು. 2001ರ ಜನವರಿ 26ರ ಭುಜ್ ಭೂಕಂಪದ ಸಂತ್ರಸ್ತರ ಆರೈಕೆ ಇನ್ನೂ ನಡೆದಿರುವಾಗಲೇ, 2002ರಲ್ಲಿ ಕೋಮುಗಲಭೆ ಭುಗಿಲೆದ್ದಿತು. ಭೂಕಂಪ ಮನೆಗಳನ್ನು ಕೆಡವಿದರೂ ನೆರೆಹೊರೆಯನ್ನು ಹತ್ತಿರ ತರುತ್ತದೆ. ಗಲಭೆ ಹಾಗಲ್ಲ, ಅದು ನೆರೆಹೊರೆಯನ್ನೇ ಸುಡುತ್ತದೆ. ನಿನ್ನೆ ಸಕ್ಕರೆ ಎರವಲು ಕೊಟ್ಟ ಮನೆಯ ಕಡೆಗೆ ಇಂದು ನೋಡಲೂ ಭಯ. ಸಮುದಾಯದ ಬಲವನ್ನೇ ನೆಚ್ಚಿಕೊಂಡ ಶಾಸ್ತ್ರಕ್ಕೆ ಸಮುದಾಯವೇ ಇಬ್ಭಾಗವಾದಾಗ ಆಧಾರವೆಲ್ಲಿ? ಉತ್ತರವಾಗಿ ಮೂಡಿದ್ದು ‘ಅಮನ್ ಪಥಿಕ’ರ ಪಡೆ: ಹಿಂದೂ ಮತ್ತು ಮುಸ್ಲಿಂ ಯುವಜನರು ಜೊತೆಯಾಗಿ ಶಿಬಿರಗಳಲ್ಲಿ, ಬಸ್ತಿಗಳಲ್ಲಿ ಓಡಾಡಿದರು. ಗಲಭೆ ಸಂತ್ರಸ್ತರ ಆರೈಕೆಗೆಂದೇ ಶೇಖರ್ ಮತ್ತು ಸಂಗಡಿಗರು ರಚಿಸಿದ ಕೈಪಿಡಿಯನ್ನು ಅದೇ ವರ್ಷ ಬೆಂಗಳೂರಿನ ಬುಕ್ಸ್ ಫಾರ್ ಚೇಂಜ್ ಪ್ರಕಟಿಸಿತು. ಶಾಂತಿ ಎಂಬುದು ಸಭೆಯ ನಿರ್ಣಯದಿಂದ ಬರುವಂಥದ್ದಲ್ಲ, ಗಾಯಗೊಂಡವರ ಮನೆಬಾಗಿಲಿಗೆ ಪ್ರತಿನಿತ್ಯ ಹೋಗುವ ಕೆಲಸದಿಂದ ಕಟ್ಟಿಕೊಳ್ಳಬೇಕಾದದ್ದು ಎಂಬ ಅರಿವು ಈ ಅವಧಿಯ ದೊಡ್ಡ ಫಲ.

ಮುಂದಿನ ಪ್ರಯಾಣ ವೇಗದ್ದು. 2004ರ ಸುನಾಮಿ, 2005ರ ಕಾಶ್ಮೀರ ಭೂಕಂಪ. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಮನೋಸಾಮಾಜಿಕ ಆರೈಕೆಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದಾಗ, ಪರಿಹಾರವೆಂದರೆ ಬರಿಯ ಧಾನ್ಯ ಮತ್ತು ಹಣ ಎಂಬ ಹಳೆಯ ತಿಳಿವಳಿಕೆ ಅಧಿಕೃತವಾಗಿಯೇ ಬದಲಾಯಿತು. 2018ರ ಕೇರಳ ಪ್ರವಾಹದಲ್ಲಿ ನಿಮ್ಹಾನ್ಸ್ ತಂಡಗಳು ನೆರವಿಗೆ ಧಾವಿಸಿದವು. 2020ರ ಲಾಕ್‌ಡೌನ್ ದಿನಗಳಲ್ಲಿ ಇಡೀ ದೇಶದ ಆತಂಕವನ್ನು ಆಲಿಸಲು ಇದೇ ಸಂಸ್ಥೆಯ ಸಹಾಯವಾಣಿ ತೆರೆದುಕೊಂಡಿತು.

ಇಷ್ಟು ಭವ್ಯವಾದ ಈ ವಿದ್ಯೆಗೆ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ಏನು ಕೆಲಸ? ಬಹಳ ಕೆಲಸವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ಕಲ್ಪತರು ನಾಡಿನಲ್ಲಿ ವಿಪತ್ತು ಸದ್ದು ಮಾಡುತ್ತ ಬರುವುದಿಲ್ಲ. ನುಸಿಪೀಡೆ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಬಿಳಿನೊಣ ಒಂದರ ಹಿಂದೆ ಒಂದು ತೆಂಗಿನ ತೋಟ ಹೊಕ್ಕವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಲ್ಲಿನ ಉಂಡೆ ಕೊಬ್ಬರಿಯ ಕ್ರಮವನ್ನು ಗಮನಿಸಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಅಲುಗಿಸಿದಾಗ ಗಿಟುಕು ಕರಟಕ್ಕೆ ಬಡಿದು ಸದ್ದು ಮಾಡಿದರೆ ಕೊಬ್ಬರಿ ಆಯಿತೆಂದು ಲೆಕ್ಕ. ಮಗಳ ಮದುವೆ, ಸೊಸೈಟಿಯ ಸಾಲ, ಮಗನ ಕಾಲೇಜು ಶುಲ್ಕ ಎಲ್ಲವೂ ಅಷ್ಟು ದಿನ ಆ ಅಟ್ಟದ ಮೇಲೆ ಕಾದು ಕುಳಿತಿರುತ್ತವೆ. ಹೀಗೆ ವರ್ಷವಿಡೀ ಕಾದ ಸರಕಿಗೆ 2023ರಲ್ಲಿ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿದಾಗ ಅನೇಕರ ಅಟ್ಟ ಬರಿದಾಗಿತ್ತು, ಮರಗಳಲ್ಲಿ ಕಾಯಿ ಕಡಿಮೆಯಾಗಿತ್ತು. ಈ ಏರಿಳಿತ ರೈತನ ಮನಸ್ಸಿನ ಮೇಲೆ ಬೀರುವ ಭಾರವನ್ನು ಯಾವ ಬೆಳೆನಷ್ಟ ಸಮೀಕ್ಷೆಯೂ ಅಳೆಯುವುದಿಲ್ಲ.

ಸೌಲಭ್ಯಗಳು ಹತ್ತಿರ ಬರುತ್ತಿವೆ ಎಂಬುದು ಸಂತೋಷದ ಸಂಗತಿ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯ ವ್ಯವಸ್ಥೆಯಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿಮಾನಸ್ ಸೇವೆ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ದೊರೆಯುತ್ತದೆ. ಆದರೆ ಒಳಗೊಳಗೇ ಕುಗ್ಗಿದವರು ತಾವಾಗಿ ಫೋನು ಎತ್ತಿಕೊಳ್ಳುವುದು ಅಪರೂಪ. ಅವರ ಮುಖ ಬಾಡಿದ್ದನ್ನು ಮೊದಲು ಕಾಣುವವರು ಬೆಳಗ್ಗೆ ಡೇರಿಯಲ್ಲಿ ಹಾಲು ಅಳೆಯುವವರು, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಗೆಳತಿಯರು, ಕಾಯಿ ಕೀಳಲು ಬರುವವರು. ಒಡಿಶಾದ ಹಳ್ಳಿಯ ಹುಡುಗಿಗೆ ಕಲಿಸಿದ ಪಾಠವನ್ನು ಇವರಿಗೆ ಕಲಿಸುವುದು ಕಷ್ಟವೇನಲ್ಲ. ಕೈಪಿಡಿಗಳು ಸಿದ್ಧವಿವೆ, ಕಲಿಸಬಲ್ಲವರೂ ಇದೇ ನಾಡಿನಲ್ಲಿದ್ದಾರೆ. ಮುಂದಿನ ಬರ ಘೋಷಣೆಯಾಗುವ ಮೊದಲೇ ತುಮಕೂರು ಜಿಲ್ಲಾಡಳಿತ ಹಾಲ್ಕುರಿಕೆಯಂಥ ಊರುಗಳಿಂದ ಈ ತರಬೇತಿಯನ್ನು ಆರಂಭಿಸಬೇಕು.