ಮಿರುಗುವ ಲೂಗರ್, ಸವೆದ ಲೂಗರ್

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರ. ಎಕ್ಸ್‌ಪೋ ಕಟ್ಟಡದ ಮುಂದೆ ಎಣ್ಣೆಬಾವಿ ಕೊರೆಯುವ ಕಾರ್ಮಿಕನ 75 ಅಡಿ ಎತ್ತರದ ಪ್ರತಿಮೆ. ಒಳಗೆ ಸುಮಾರು 11 ಎಕರೆಯಷ್ಟು ಹರಡಿಕೊಂಡ ಬಂದೂಕುಗಳ ಸಂತೆ. ವರ್ಷಕ್ಕೆರಡು ಸಲ ನೆರೆಯುವ ಈ ಸಂತೆಯಲ್ಲಿ ಎಲ್ಲ ಮೇಜುಗಳನ್ನೂ ನೋಡಿ ಮುಗಿಸುವುದು ಆಗದ ಮಾತು. ಹಳೆಯ ಸೈನ್ಯದ ಪಿಸ್ತೂಲುಗಳಿರುವ ಕಡೆಗಷ್ಟೇ ಹೋದೆ.

ಕೇಳದೆ ಮುಟ್ಟುವಂತಿಲ್ಲ, ಒಳಗೆ ಗುಂಡಿಲ್ಲವೆಂದು ವ್ಯಾಪಾರಿ ಮೊದಲು ತೆರೆದು ತೋರಿಸಬೇಕು. ನರೆಗಡ್ಡದ ವ್ಯಾಪಾರಿಯೊಬ್ಬರು ಹಾಗೆ ತೋರಿಸಿ, ಎರಡು ಲೂಗರ್‌ಗಳನ್ನು ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರು. ಜರ್ಮನ್ ಭೂಸೇನೆ 1908ರಲ್ಲಿ ಸ್ವೀಕರಿಸಿದ ಪಿ-08 ಮಾದರಿ. ಎರಡರ ಮೇಲೂ 1917 ಎಂದು ಒತ್ತಿದೆ. ಒಂದು ಕನ್ನಡಿಯಂತೆ ಮಿರುಗುತ್ತಿತ್ತು. ಇನ್ನೊಂದರ ಅಂಚುಗಳಲ್ಲಿ ಕಪ್ಪುನೀಲಿ ಬಣ್ಣ ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು.

“ಯಾವುದು ತಗೋತೀರಿ?” ಅಂದರು. ಉತ್ತರಕ್ಕೆ ಮೊದಲೇ ಭೂತಗನ್ನಡಿ ಕೊಟ್ಟರು.

ಮಿರುಗುವ ಪಿಸ್ತೂಲಿನ ಅಕ್ಷರಗಳು ಕೈ ಬದಲಿಸಿ ಸವೆದ ನಾಣ್ಯದ ಅಕ್ಷರಗಳಂತೆ ಮೆತ್ತಗಾಗಿದ್ದವು. ಉಜ್ಜುವ ಚಕ್ರ ತೂತುಗಳ ಬಾಯಿಯನ್ನೂ ತಗ್ಗು ಮಾಡಿತ್ತು. ಟ್ರಿಗರ್ ಕಪ್ಪಾಗಿತ್ತು. ಆ ಕಾಲದ ಲೂಗರ್‌ನಲ್ಲಿ ಟ್ರಿಗರ್, ಸೇಫ್ಟಿ ಮುಂತಾದ ಸಣ್ಣ ಭಾಗಗಳಿಗೆ ಕಾಯಿಸಿ ಬರಿಸಿದ ಜೇನಿನ ಬಣ್ಣವಿರಬೇಕು. ಯಾರೋ ಇಡೀ ಪಿಸ್ತೂಲಿಗೆ ಹೊಸದಾಗಿ ಬಣ್ಣ ಕಟ್ಟಿದ್ದರು. ಸವೆದದ್ದರ ಟ್ರಿಗರ್‌ನ ಸಂದಿಯಲ್ಲಿ ಆ ಜೇನುಬಣ್ಣ ಇನ್ನೂ ಉಳಿದಿತ್ತು. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವುದು ನಮ್ಮ ಮನೆಗಳಲ್ಲಿ ಒಳ್ಳೆಯ ಅಭ್ಯಾಸ. ಇಲ್ಲಿ ಅದು ನೂರು ವರ್ಷದ ದಾಖಲೆಯನ್ನು ಅಳಿಸಿದಂತೆ. ನನಗಂತೂ ನೋಡಿ ಸಂಕಟವಾಯಿತು.

ಆಮೇಲೆ ಸಂಖ್ಯೆಗಳು. ಚೌಕಟ್ಟಿನ ಮೇಲೆ, ನಳಿಗೆಯ ಅಡಿಯಲ್ಲಿ ಪೂರ್ಣ ಸಂಖ್ಯೆ. ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ. ಸವೆದ ಪಿಸ್ತೂಲಿನಲ್ಲಿ ಒಂದೊಂದಾಗಿ ಹುಡುಕಿ ಓದಿದೆ, ಎಲ್ಲವೂ ಹೊಂದಿದವು. ಮರದ ತಳದ ಮ್ಯಾಗಜಿನ್ ಮಾತ್ರ ಬೇರೆಯದು. ಅದು ಸಾಮಾನ್ಯ, ಮ್ಯಾಗಜಿನ್ ಕೂಡ ಹೊಂದಿದರೆ ಬೆಲೆ ಏರುತ್ತದೆ. ಹೊಂದದ ಭಾಗಕ್ಕೆ ಹೊಸದಾಗಿ ಅಂಕಿ ಒತ್ತಿ ಮಾರುವವರೂ ಇದ್ದಾರೆ. ಹಾಗಾಗಿ ಅಂಕಿ ಸರಿಯಿದ್ದರೆ ಸಾಲದು, ಅದರ ಆಕಾರವನ್ನೂ ಉಳಿದವುಗಳ ಪಕ್ಕ ಇಟ್ಟು ನೋಡಬೇಕು. “ತಾತ ಜರ್ಮನ್ ಅಧಿಕಾರಿಯಿಂದ ಕಿತ್ತುಕೊಂಡದ್ದು” ಎಂಬ ಕಥೆ ಮೇಜಿಗೊಂದು ಸಿಗುತ್ತದೆ. ಎರಡನೆಯ ಮಹಾಯುದ್ಧದಿಂದ ಮರಳುವ ಸೈನಿಕನಿಗೆ ಮೇಲಧಿಕಾರಿ ಸಹಿ ಹಾಕಿ ಕೊಟ್ಟ ಅನುಮತಿಪತ್ರ ಜೊತೆಗಿದ್ದರೆ ಮಾತ್ರ ಆ ಕಥೆಗೆ ನಾನು ಕಿವಿಗೊಡುತ್ತೇನೆ.

ಕೊನೆಯ ಸಾಲಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮಾರಾಟಕ್ಕಿಲ್ಲದ ಒಂದು 1911ಎ1, ಅಮೆರಿಕದ ಸೈನ್ಯದ ಪಿಸ್ತೂಲು. ಅಮ್ಮನ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೇ 1941ರಲ್ಲಿ ತಯಾರಿಸಿದ್ದು; ಆ ಕಂಪನಿ ಮಾಡಿದ್ದು 500 ಮಾತ್ರ. ಅದಕ್ಕೇ ನಕಲಿಗಳು ಬಹಳ. ಅಸಲಿಯ ಸಂಖ್ಯೆ ಎಸ್800001ರಿಂದ ಎಸ್800500ರ ಒಳಗೇ ಇರಬೇಕು. ಗಾಜಿಗೆ ಹಣೆ ತಾಗಿಸಿ ನೋಡಿದೆ. ಎಡಮಗ್ಗುಲಲ್ಲಿ ಸಿಂಗರ್ ಎಂಬ ಹೆಸರೇ ಇಲ್ಲ, ‘ಎಸ್. ಎಂಎಫ್‌ಜಿ. ಕೋ.’ ಎಂದಷ್ಟೇ. ಕೆಳಗೆ ಚೌಕಟ್ಟಿನ ಮೇಲೆ ಪುಟ್ಟದಾಗಿ ಜೆಕೆಸಿ: ಸೈನ್ಯದ ಪರವಾಗಿ ತಪಾಸಣೆಯ ಹೊಣೆ ಹೊತ್ತಿದ್ದ ಕರ್ನಲ್ ಜಾನ್ ಕೆ. ಕ್ಲೆಮೆಂಟ್ ಅವರ ಮುದ್ರೆ, ಅಂಚು ಇನ್ನೂ ಚೂಪಾಗಿ.