ದುಬೈಗೆ ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವ ಯೋಚನೆಯೇ? ಟಿಕೆಟ್‌ಗಿಂತ ಮೊದಲು ಈ ಲೆಕ್ಕ ನೋಡಿ

ಕುಂದಾಪುರ: ಗಲ್ಫ್‌ನಲ್ಲಿ ಒಬ್ಬರಾದರೂ ದುಡಿಯದ ಕೇರಿ ನಮ್ಮ ಕರಾವಳಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಿಂದೆಲ್ಲ ಗಂಡಸರು ಮಾತ್ರ ಹೋಗಿ, ರಜೆಗೆ ಬಂದು, ಮಗುವಿನ ಮುಖ ನೋಡಿ ವಾಪಸ್ ಹೋಗುತ್ತಿದ್ದರು. ಈಗ ಮದುವೆಯಾಗಿ ವರ್ಷ ಕಳೆಯುವುದರೊಳಗೆ ಹೆಂಡತಿಯನ್ನೂ ಕರೆಸಿಕೊಳ್ಳುವ ಮಾತು ಬರುತ್ತದೆ. ಮಗು ಇದ್ದರೆ ಮಗುವನ್ನೂ. ಮಂಗಳೂರಿನಿಂದ ದುಬೈಗೆ 2006ರಿಂದ ನೇರ ವಿಮಾನ ಇದೆ. ಹಾರಾಟ ಮೂರೂವರೆ ಗಂಟೆಯ ಆಸುಪಾಸು, ಇಲ್ಲಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವುದಕ್ಕಿಂತ ಬೇಗ. ಹಂಗಾಗಿ "ಟಿಕೆಟ್ ಮಾಡಿದ್ರೆ ಆಯ್ತಲ್ಲ" ಅನ್ನುವವರೇ ಜಾಸ್ತಿ.

ಆದರೆ ಅಲ್ಲಿ ಸಂಸಾರ ಹೂಡುವುದು ಟಿಕೆಟ್ ಮಾಡಿದಷ್ಟು ಸುಲಭ ಅಲ್ಲ. ಮೊದಲ ಎರಡು ತಿಂಗಳಲ್ಲಿ ಒಟ್ಟಿಗೆ ಬಿಚ್ಚಬೇಕಾದ ದುಡ್ಡು ಮತ್ತು ಊರಲ್ಲೇ ಮುಗಿಸಿ ಹೋಗಬೇಕಾದ ಕಾಗದ, ಇವೆರಡು ಸರಿ ಇದ್ದರೆ ಮನೆ ನಿಲ್ಲುತ್ತದೆ. ಇಲ್ಲದಿದ್ದರೆ ಹೆಂಡತಿಯ ಬಂಗಾರ ಸೊಸೈಟಿ ಲಾಕರಿಗೆ ಹೋಗುತ್ತದೆ.

ಸಂಬಳ 4,000 ಸಾಕು ಅನ್ನುತ್ತೆ ಕಾನೂನು

ಯುಎಇಯಲ್ಲಿ ಹೆಂಡತಿ-ಮಕ್ಕಳಿಗೆ ವೀಸಾ ಮಾಡಿಸಲು ಮೊದಲು ಗಂಡ ಯಾವ ಹುದ್ದೆಯಲ್ಲಿದ್ದಾನೆ ಎಂದು ನೋಡುತ್ತಿದ್ದರು. 2019ರಲ್ಲಿ ಅದು ಬದಲಾಯಿತು. ಈಗ ನೋಡುವುದು ಸಂಬಳ. ತಿಂಗಳಿಗೆ 4,000 ದಿರ್ಹಂ, ಅಥವಾ 3,000 ದಿರ್ಹಂ ಜೊತೆಗೆ ಕಂಪನಿ ಕೊಟ್ಟ ವಸತಿ ಇದ್ದರೆ ಅರ್ಜಿ ಹಾಕಬಹುದು. ಇದು ತಿಳಿದ ಕೂಡಲೇ ಅಂಗಡಿ, ಗೋದಾಮು, ಡ್ರೈವರ್ ಕೆಲಸದಲ್ಲಿರುವ ಹುಡುಗರೂ ಸಂಸಾರದ ಲೆಕ್ಕ ಶುರು ಮಾಡಿದರು.

ಕಾನೂನು ಬಿಟ್ಟಿತು ಅಂದ ಮಾತ್ರಕ್ಕೆ ಜೀವನ ಬಿಡುತ್ತದೆಯೇ? ಒಂದು ಉದಾಹರಣೆ ಹಿಡಿಯೋಣ. ಒಂದು ಸಣ್ಣ ಫ್ಲ್ಯಾಟಿಗೆ ವರ್ಷಕ್ಕೆ 45,000 ದಿರ್ಹಂ ಬಾಡಿಗೆ ಎಂದುಕೊಳ್ಳಿ. ತಿಂಗಳಿಗೆ ಭಾಗಿಸಿದರೆ 3,750. ಸಂಬಳ 4,000 ಇದ್ದವನ ಕೈಯಲ್ಲಿ ಉಳಿಯುವುದು 250 ದಿರ್ಹಂ. ಅದರಲ್ಲಿ ಹಾಲು, ಅಕ್ಕಿ, ಮಗುವಿನ ಡೈಪರ್, ಮೊಬೈಲ್ ರೀಚಾರ್ಜ್, ಊರಿಗೆ ಅಪ್ಪ-ಅಮ್ಮನಿಗೆ ಕಳಿಸುವ ಹಣ. ಆಗುವ ಮಾತಲ್ಲ.

ಮೊದಲು ಮನೆ, ಆಮೇಲೆ ವೀಸಾ

ಇಲ್ಲೇ ಹಲವರು ಎಡವುವುದು. ಒಂಟಿಯಾಗಿ ದುಡಿಯುವವರು ಹೆಚ್ಚಾಗಿ ಬೆಡ್ ಸ್ಪೇಸ್‌ನಲ್ಲಿರುತ್ತಾರೆ, ಅಂದರೆ ಒಂದು ಕೋಣೆಯಲ್ಲಿ ಒಂದು ಮಂಚದ ಬಾಡಿಗೆ. ಆ ವಿಳಾಸ ತೋರಿಸಿ ಹೆಂಡತಿಗೆ ವೀಸಾ ಸಿಗದು. ದುಬೈಯಲ್ಲಿ ಬಾಡಿಗೆ ಕರಾರು ಸರ್ಕಾರದಲ್ಲಿ ನೋಂದಣಿ ಆಗಬೇಕು, ಅದಕ್ಕೆ ಎಜಾರಿ ಅಂತಾರೆ. ಗಂಡನ ಹೆಸರಿನ ಎಜಾರಿ ಕೈಗೆ ಬಂದ ಮೇಲೇ ಮುಂದಿನ ಕೆಲಸ. ಅಂದರೆ ಹೆಂಡತಿ ಇನ್ನೂ ಇಲ್ಲಿ ಬಟ್ಟೆ ಮಡಚುತ್ತಿರುವಾಗಲೇ ಅಲ್ಲಿ ಖಾಲಿ ಮನೆಗೆ ಬಾಡಿಗೆ ಓಡಲು ಶುರುವಾಗಿರುತ್ತದೆ.

ಬಾಡಿಗೆ ಕೊಡುವ ಕ್ರಮವೂ ನಮ್ಮ ಹಾಗಲ್ಲ. ಇಲ್ಲಿ ತಿಂಗಳ ಐದನೇ ತಾರೀಕಿಗೆ ಗೂಗಲ್ ಪೇ ಮಾಡಿದರೆ ಮುಗಿಯಿತು. ಅಲ್ಲಿ ವರ್ಷದ ಬಾಡಿಗೆಯನ್ನು ಒಂದು, ಎರಡು, ನಾಲ್ಕು ಹೀಗೆ ಮುಂದಿನ ದಿನಾಂಕದ ಚೆಕ್ಕುಗಳಾಗಿ ಮೊದಲೇ ಬರೆದು ಕೊಡುವುದು ವಾಡಿಕೆ. ಚೆಕ್ಕು ಕಡಿಮೆ ಆದಷ್ಟೂ ಮಾಲೀಕನಿಗೆ ಖುಷಿ, ಬಾಡಿಗೆಯಲ್ಲಿ ಸ್ವಲ್ಪ ಬಿಡಲೂಬಹುದು. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸ್ ಬಂದರೆ ಮೊದಲು ನೇರ ಪೊಲೀಸ್ ಕೇಸ್ ಆಗುತ್ತಿತ್ತು. 2022ರ ಜನವರಿಯಿಂದ ಸಾಮಾನ್ಯ ಬೌನ್ಸ್‌ಗೆ ಜೈಲಿನ ಭಯ ಕಡಿಮೆಯಾಗಿದೆ. ಹಾಗಂತ ಹಗುರವಾಗಿ ತಗೊಳ್ಳುವಂತಿಲ್ಲ. ವಾಪಸ್ ಬಂದ ಚೆಕ್ಕನ್ನೇ ಹಿಡಿದು ಮಾಲೀಕ ನೇರವಾಗಿ ಕೋರ್ಟಿನ ವಸೂಲಿಗೆ ಹೋಗಬಹುದು.

ಈಗ ಅದೇ 45,000ದ ಮನೆಗೆ ಒಳಗೆ ಕಾಲಿಡುವ ಖರ್ಚು ನೋಡಿ. ನಾಲ್ಕು ಚೆಕ್ ಆದರೆ ಮೊದಲ ಚೆಕ್ 11,250 ದಿರ್ಹಂ. ಖಾಲಿ ಮನೆಗೆ ಸಾಮಾನ್ಯವಾಗಿ ಬಾಡಿಗೆಯ 5% ಡೆಪಾಸಿಟ್, ಅದು 2,250. ಮಂಚ-ಸೋಫಾ ಇರುವ ಮನೆಯಾದರೆ ಡೆಪಾಸಿಟ್ 10%. ಏಜೆಂಟನ ಕಮಿಷನ್ 5% ಎಂದರೆ ಮತ್ತೆ 2,250. ಕರೆಂಟು, ನೀರು ಕೊಡುವ ಇಲಾಖೆಗೆ ಅಲ್ಲಿಯವರು ಡೇವಾ ಅಂತಾರೆ, ಫ್ಲ್ಯಾಟಿಗೆ ಅದರ ಡೆಪಾಸಿಟ್ 2,000. ಕೂಡಿಸಿದರೆ 17,750. ದಿರ್ಹಂಗೆ 24 ರೂಪಾಯಿ ಹಿಡಿದರೆ 4 ಲಕ್ಷ 26 ಸಾವಿರ ರೂಪಾಯಿ. ಇದರಲ್ಲಿ ವೀಸಾ ಖರ್ಚಿಲ್ಲ, ವಿಮಾನದ ಟಿಕೆಟ್ ಇಲ್ಲ, ಒಂದು ಪಾತ್ರೆಯೂ ಇಲ್ಲ. ಮೂರು ತಿಂಗಳು ಕಳೆಯುವುದರೊಳಗೆ ಎರಡನೇ ಚೆಕ್ ಬಾಗಿಲಲ್ಲಿ ನಿಂತಿರುತ್ತದೆ.

ಮಾತು ಕೇಳುವಾಗ ಸಿಗದ ಎರಡು ಖರ್ಚು ಇವೆ. ಒಂದು ಹೌಸಿಂಗ್ ಫೀ. ವರ್ಷದ ಬಾಡಿಗೆಯ 5% ಮುನ್ಸಿಪಾಲಿಟಿಗೆ ಹೋಗುತ್ತದೆ, ಅದನ್ನು ಹನ್ನೆರಡು ಭಾಗ ಮಾಡಿ ಕರೆಂಟ್ ಬಿಲ್ಲಲ್ಲೇ ಸೇರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 187 ದಿರ್ಹಂ ಚಿಲ್ಲರೆ. ಇನ್ನೊಂದು ಏಸಿ. ಕೆಲವು ಬಿಲ್ಡಿಂಗ್‌ಗಳಲ್ಲಿ ಏಸಿಯ ತಂಪು ಬೇರೆ ಕಂಪನಿಯಿಂದ ಪೈಪಿನಲ್ಲಿ ಬರುತ್ತದೆ, ಅದಕ್ಕೆ ಬೇರೆ ಖಾತೆ, ಬೇರೆ ಡೆಪಾಸಿಟ್, ಬೇರೆ ಬಿಲ್. ಜಾಹೀರಾತಿನಲ್ಲಿ "ಚಿಲ್ಲರ್ ಫ್ರೀ" ಅಂತ ಇದ್ದರೆ ಆ ಬಿಲ್ ಮಾಲೀಕನದ್ದು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಲ್ಲಿ ಮಗು ಇರುವ ಮನೆಯವರು ಏಸಿ ಆಫ್ ಮಾಡಿ ಕೂರಲು ಆಗುವುದಿಲ್ಲ. ಹಾಗಾಗಿ ಮನೆ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ಖರ್ಚು ತಡೆಯಲಾರದೆ ಎರಡು ಸಂಸಾರ ಒಂದೇ ಫ್ಲ್ಯಾಟಲ್ಲಿ ಇರುವುದೂ ಇದೆ. ಜೊತೆಗಿರುವವರ ಹೆಸರನ್ನೂ ನೋಂದಣಿ ಮಾಡಬೇಕೆಂದು 2022ರಿಂದ ದುಬೈಯಲ್ಲಿ ನಿಯಮವಿದೆ. ಹಾಲಿನ ಮಧ್ಯೆ ಪ್ಲೈವುಡ್ ಹೊಡೆದು ಕೋಣೆ ಮಾಡಿದ ಪಾರ್ಟಿಷನ್‌ಗಳ ಮೇಲೆ 2025ರ ಜೂನ್‌ನಲ್ಲಿ ಅಲ್ಲಿಯ ಮುನ್ಸಿಪಾಲಿಟಿ ಜೋರು ಕಾರ್ಯಾಚರಣೆ ನಡೆಸಿತು. ಮಗು ಕಟ್ಟಿಕೊಂಡು ಪಾರ್ಟಿಷನ್ ಕೋಣೆಗೆ ಹೋಗುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಮ್ಮವರು ಅನೇಕರು ಅಲ್ಲಿದ್ದಾರೆ. ಆದರೆ ದುಬೈಗೆ ಕೆಲಸಕ್ಕೆ ಬರುವ ರಸ್ತೆಯ ಟ್ರಾಫಿಕ್ಕಲ್ಲಿ ದಿನಕ್ಕೆ ಎರಡು-ಮೂರು ಗಂಟೆ ಹೋದರೆ ಮಗು ಅಪ್ಪನನ್ನು ನೋಡುವುದು ನಿದ್ದೆಯಲ್ಲೇ.

ಬಾಡಿಗೆದಾರನ ಪರವಾದ ಕಾನೂನೂ ಇದೆ ಎಂಬುದು ಗೊತ್ತಿರಲಿ. ದುಬೈಯಲ್ಲಿ ಬಾಡಿಗೆ ಏರಿಸಬೇಕಾದರೆ ಕರಾರು ಮುಗಿಯುವ 90 ದಿನ ಮೊದಲೇ ತಿಳಿಸಬೇಕು. ಎಷ್ಟು ಏರಿಸಬಹುದು ಎನ್ನುವುದಕ್ಕೂ ಸರ್ಕಾರದ ಪಟ್ಟಿ ಇದೆ, ಒಂದು ಸಲಕ್ಕೆ 20% ಮೀರುವಂತಿಲ್ಲ. ಮನೆ ಮಾರುತ್ತೇನೆ, ಮಗನಿಗೆ ಬೇಕು ಅಂತ ಬಿಡಿಸುವುದಾದರೆ 12 ತಿಂಗಳ ನೋಟಿಸ್ ಬೇಕು.

ಊರಲ್ಲೇ ಆಗಬೇಕಾದ ಕಾಗದ

ಮದುವೆ ಪತ್ರ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ. ಹಾಲ್ ಬುಕ್ಕಿಂಗ್ ರಸೀದಿ, ದೇವಸ್ಥಾನದ ಚೀಟಿ, ಫೋಟೊ ಆಲ್ಬಮ್ ಯಾವುದೂ ನಡೆಯದು. ಈ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ಹಂತದಲ್ಲಿ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದಲ್ಲಿ, ನಂತರ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು. ಕೊನೆಯ ಮುದ್ರೆ ಅಲ್ಲಿ ಹೋದ ಮೇಲೆ ಅವರ ವಿದೇಶಾಂಗ ಸಚಿವಾಲಯದ್ದು. ಅರೇಬಿಕ್ ಅನುವಾದವೂ ಬೇಕು. ಇಡೀ ಕೆಲಸಕ್ಕೆ ನಮ್ಮಲ್ಲಿ ಅಟೆಸ್ಟೇಷನ್ ಅಂತಾರೆ, ಅದಕ್ಕೇ ಏಜೆಂಟರಿದ್ದಾರೆ. ದರ ಒಬ್ಬೊಬ್ಬರದ್ದು ಒಂದೊಂದು, ಎರಡು ಕಡೆ ವಿಚಾರಿಸದೆ ಮೂಲ ಪ್ರತಿ ಕೈಗೆ ಕೊಡಬೇಡಿ. ಕೊಟ್ಟರೆ ರಸೀದಿ ತಗೊಳ್ಳಿ.

ಮಗುವಿನ ಜನನ ಪತ್ರದ್ದು ಇನ್ನೊಂದು ಗೋಳು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಡಲೇ ಮಾಡಿಸಿದ ಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ನಾಮಕರಣ ಆಮೇಲೆ ತಾನೇ? ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ದಂಡ ಕಟ್ಟಿ ಸೇರಿಸಬೇಕು. ಹೆಸರು ಸೇರಿಸದೆ ಪಾಸ್‌ಪೋರ್ಟ್ ಕೆಲಸಕ್ಕೆ ಕೈ ಹಾಕಿದರೆ ಎಲ್ಲ ಮತ್ತೆ ಮೊದಲಿಂದ. ಕೈಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು, ಅದರ ಅವಧಿ ಐದು ವರ್ಷ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಜಾಗ್ರತೆ ಮಾಡಬೇಕು. ಮನೆತನದ ಹೆಸರು ಬಳಸದ ಎಷ್ಟೋ ಜನರ ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್ 21ರಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ವೀಸಾ ಕೊಡುವುದಕ್ಕೆ ತಡೆ ಹಾಕಿತು. ಕೊನೆ ಪುಟದಲ್ಲಿ ಅಪ್ಪನ ಹೆಸರು ಇದ್ದರೆ ಒಪ್ಪಿಕೊಳ್ಳುವ ಸಡಿಲಿಕೆ ಆಮೇಲೆ ಬಂದಿದೆಯಾದರೂ, ವಿಮಾನ ನಿಲ್ದಾಣದ ಕೌಂಟರಲ್ಲಿ ಮಗು ಎತ್ತಿಕೊಂಡು ವಾದ ಮಾಡುವುದಕ್ಕಿಂತ ಪಾಸ್‌ಪೋರ್ಟ್ ಸರಿ ಮಾಡಿಸುವುದೇ ವಾಸಿ.

ಹೆಂಡತಿ ಡಿಗ್ರಿ ಮಾಡಿದ್ದರೆ ಅವಳ ಸರ್ಟಿಫಿಕೇಟಿನ ಅಟೆಸ್ಟೇಷನ್ ಕೂಡ ಈಗಲೇ ಮಾಡಿಸಬೇಕು. ಈ ಕೆಲಸ ಬಿಟ್ಟೇ ಹೋಗುತ್ತದೆ, ಯಾಕೆಂದರೆ "ಅವಳು ಮನೇಲಿರ್ತಾಳಲ್ಲ" ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಗಂಡನ ವೀಸಾದ ಮೇಲಿದ್ದರೂ ಪ್ರತ್ಯೇಕ ವರ್ಕ್ ಪರ್ಮಿಟ್ ಪಡೆದು ಅಲ್ಲಿ ಕೆಲಸ ಮಾಡಬಹುದು. ಒಂದು ಸಂಬಳದಲ್ಲಿ ನಿಲ್ಲದ ಎಷ್ಟೋ ಮನೆಗಳು ಎರಡು ಸಂಬಳದಲ್ಲಿ ನಿಂತಿವೆ. ಆರು ತಿಂಗಳಾದ ಮೇಲೆ ಕೆಲಸ ಸಿಕ್ಕಿದಾಗ ಸರ್ಟಿಫಿಕೇಟ್ ಊರಿನ ಕಪಾಟಲ್ಲಿದ್ದರೆ ಆ ಕೆಲಸ ಇನ್ನೊಬ್ಬರಿಗೆ.

ಇಳಿದ ಮೇಲೆ

ಹೆಂಡತಿ-ಮಕ್ಕಳು ಎಂಟ್ರಿ ಪರ್ಮಿಟ್ ಮೇಲೆ ಇಳಿದ ಬಳಿಕ 60 ದಿನದೊಳಗೆ ಉಳಿದದ್ದು ಮುಗಿಯಬೇಕು. 18 ವರ್ಷ ದಾಟಿದವರಿಗೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಗರ್ಭಿಣಿಯಾದರೆ ಎಕ್ಸ್‌ರೇಗೆ ಮುಂಚೆ ಹೇಳಲೇಬೇಕು. ನಂತರ ಎಮಿರೇಟ್ಸ್ ಐಡಿ. 2022ರಿಂದ ಪಾಸ್‌ಪೋರ್ಟಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದು ನಿಂತಿದೆ, ಆ ಕಾರ್ಡೇ ಎಲ್ಲ. ದುಬೈಯಲ್ಲಿ ಆರೋಗ್ಯ ವಿಮೆ ಕಡ್ಡಾಯ. ಕೆಲಸಗಾರನ ವಿಮೆ ಕಂಪನಿಯ ಜವಾಬ್ದಾರಿ. ಹೆಂಡತಿ-ಮಕ್ಕಳದ್ದನ್ನು ಕಂಪನಿ ಮಾಡಲೇಬೇಕೆಂದಿಲ್ಲ, ಮಾಡದಿದ್ದರೆ ಗಂಡನ ಜೇಬಿಂದಲೇ. ಹೆರಿಗೆ ಅಲ್ಲೇ ಮಾಡಿಸುವ ಯೋಚನೆ ಇದ್ದರೆ ಪಾಲಿಸಿಯಲ್ಲಿ ಅದು ಎಷ್ಟು ಸೇರಿದೆ ಎಂದು ಓದಿಯೇ ಸಹಿ ಹಾಕಬೇಕು. ಮಗು ಅಲ್ಲೇ ಹುಟ್ಟಿದರೆ 120 ದಿನದೊಳಗೆ ಅದರ ವೀಸಾ ಆಗಬೇಕು.

ಶಾಲೆಗೆ ಹೋಗುವ ಮಗು ಇದ್ದವರು ಏಪ್ರಿಲ್ ಗಮನದಲ್ಲಿಡಲಿ. ಅಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಶುಲ್ಕ ಕಡಿಮೆ ಇರುವ ಶಾಲೆಗಳಲ್ಲಿ ಸೀಟು ಅದಕ್ಕೂ ಮುಂಚೆಯೇ ಭರ್ತಿ. ಒಂದನೇ ತರಗತಿಯಿಂದ ಅರೇಬಿಕ್ ಕಲಿಯಲೇಬೇಕು. ಕನ್ನಡ ಓದು-ಬರಹ ಮಾತ್ರ ಮನೆಯವರ ಪಾಲಿಗೆ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆಯ ಕನ್ನಡ ಪಾಠಶಾಲೆ ಉಚಿತವಾಗಿ ಕಲಿಸುತ್ತದೆ ಎಂಬುದೊಂದು ಸಮಾಧಾನ.

ಮೊದಲ ತಿಂಗಳು ಹೆಂಡತಿಗೆ ಹೆಚ್ಚು ಕಾಡುವುದು ಬಿಸಿಲಲ್ಲ, ಬಾಗಿಲು ಹಾಕಿದ ಫ್ಲ್ಯಾಟ್. ಅತ್ತೆ, ನಾದಿನಿ, ಪಕ್ಕದ ಮನೆಯ ಅಕ್ಕ ಯಾರೂ ಇಲ್ಲ. ಊರಿಗೆ ಫೋನ್ ಮಾಡೋಣ ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತೆ, ಕರೆ ಹೋಗಲ್ಲ. ಅಲ್ಲಿ ಬಳಸುವುದು ಬೋಟಿಮ್‌ನಂಥ ಆ್ಯಪ್. ಅಜ್ಜ-ಅಜ್ಜಿಯ ಮೊಬೈಲಿಗೆ ಅದನ್ನು ಹಾಕಿ, ಒಂದು ಸಲ ಕರೆ ಮಾಡಿ ಕಲಿಸಿಯೇ ಹೊರಡಿ. ಮೆಟ್ರೊದಲ್ಲಿ ಹೆಂಗಸರು-ಮಕ್ಕಳಿಗೆ ಪ್ರತ್ಯೇಕ ಡಬ್ಬಿ ಇದೆ, ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆದರೆ ಅಳುವ ಮಗುವಿಗೆ ಅಂತ ಬಿಸ್ಕತ್ತಿನ ಪೊಟ್ಟಣ ಬಿಚ್ಚಬೇಡಿ, ತಿಂದರೆ 100 ದಿರ್ಹಂ ದಂಡ.

ಅಂಗಡಿಯವರಿಗೆ ಒಂದು ಮಾತು

ದುಬೈಗೆ ಹೊರಟವರ ಪೆಟ್ಟಿಗೆ ತುಂಬುವುದು ನಮ್ಮ ಪೇಟೆಯ ದಿನಸಿ ಅಂಗಡಿಗಳಿಂದಲೇ. ಕುಚ್ಚಲಕ್ಕಿ, ಹಪ್ಪಳ, ಮಸಾಲೆ ಪುಡಿ ಎಲ್ಲ ಸರಿ. ಆದರೆ ಗಸಗಸೆ ಯುಎಇಯಲ್ಲಿ ನಿಷಿದ್ಧ. ಅಲ್ಲಿ ಅದನ್ನು ಅಫೀಮಿನ ಗಿಡದ ಬೀಜವಾಗಿಯೇ ನೋಡುತ್ತಾರೆ, ಪಾಯಸಕ್ಕೆ ತಂದದ್ದು ಅಂದರೆ ಕೇಳುವುದಿಲ್ಲ. ಗಸಗಸೆ ಬೆರೆತ ಮಸಾಲೆ ಪುಡಿಯೂ ಬೇಡ. ವೀಳ್ಯದೆಲೆ, ಪಾನ್ ಸಾಮಗ್ರಿ, ಗುಟ್ಕಾ ಕೂಡ ನಿಷಿದ್ಧ ಪಟ್ಟಿಯಲ್ಲಿವೆ. ಗಿರಾಕಿ "ದುಬೈಗೆ" ಅಂದ ಕೂಡಲೇ ಇಷ್ಟು ಹೇಳಿದರೆ ಒಂದು ಸಂಸಾರ ಏರ್‌ಪೋರ್ಟಲ್ಲೇ ಸಿಕ್ಕಿಬೀಳುವುದು ತಪ್ಪುತ್ತದೆ. ಮೆಡಿಕಲ್ ಅಂಗಡಿಯವರೂ ಅಷ್ಟೇ. ಕೊಡಿನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಅಲ್ಲಿ ನಿಯಂತ್ರಿತ ಔಷಧ. ವೈದ್ಯರ ಚೀಟಿ ಮತ್ತು ಅಲ್ಲಿಯ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಪಕ್ಕದ ಮನೆಯವರ ಮಗನಿಗೆ ಅಂತ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಬೇಡಿ. ದಾಕ್ಷಿಣ್ಯ ಇಲ್ಲಿಗೇ ಇರಲಿ.

ಕೆಲಸ ಹೋದರೆ?

ಹೆಂಡತಿ-ಮಕ್ಕಳ ವೀಸಾ ಗಂಡನ ವೀಸಾಕ್ಕೆ ಕಟ್ಟಿದ್ದು. ಅವನ ಕೆಲಸ ಹೋದರೆ ಎಲ್ಲರದ್ದೂ ರದ್ದಾಗುವ ದಾರಿ. ಬೇರೆ ಕೆಲಸ ಹುಡುಕಲು ಸ್ವಲ್ಪ ಕಾಲಾವಕಾಶ ಇದೆ, ಬಾಡಿಗೆ ಚೆಕ್ಕುಗಳು ಮಾತ್ರ ಆಗಲೇ ಮಾಲೀಕನ ಡ್ರಾಯರಲ್ಲಿರುತ್ತವೆ. 2023ರ ಜನವರಿಯಿಂದ ಕೆಲಸಗಾರರಿಗೆ ನಿರುದ್ಯೋಗ ವಿಮೆ ಕಡ್ಡಾಯವಾಗಿದೆ. ತಾನಾಗಿ ರಾಜೀನಾಮೆ ಕೊಡದೆ ಕೆಲಸ ಕಳಕೊಂಡವರಿಗೆ ಮೂಲ ವೇತನದ 60%, ಹೆಚ್ಚೆಂದರೆ ಮೂರು ತಿಂಗಳು. ಮೂಲ ವೇತನ ಎಂಬ ಶಬ್ದ ಗಮನಿಸಿ, ಅಲೊವೆನ್ಸ್ ಅದರಲ್ಲಿ ಸೇರಲ್ಲ. ಕರಾರಿಗೆ ಸಹಿ ಹಾಕುವಾಗಲೇ ಮಧ್ಯದಲ್ಲಿ ಮನೆ ಬಿಟ್ಟರೆ ಎಷ್ಟು ಕಟ್ಟಬೇಕೆಂದು ಬರೆಸಿಕೊಳ್ಳಿ, ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ ಕೇಳುತ್ತಾರೆ.

ಹೊರಡುವ ಮುಂಚೆ ಊರಲ್ಲಿ ಇನ್ನೆರಡು ಕೆಲಸ. ಬ್ಯಾಂಕಿಗೆ ಹೋಗಿ ಇಬ್ಬರ ಉಳಿತಾಯ ಖಾತೆಯನ್ನೂ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಗಂಡನದ್ದು ಮಾತ್ರ ಮಾಡಿ ಹೆಂಡತಿಯದ್ದು ಹಾಗೇ ಬಿಡುವವರಿದ್ದಾರೆ. ಜಾಗ, ತೋಟ, ಬಾಡಿಗೆಗೆ ಕೊಟ್ಟ ಅಂಗಡಿ ಇದ್ದರೆ ಅಣ್ಣನಿಗೋ ಮಾವನಿಗೋ ಕೊಡುವ ಅಧಿಕಾರ ಪತ್ರವನ್ನು ಇಲ್ಲೇ ನೋಂದಣಿ ಮಾಡಿಸಿ ಹೋಗಬೇಕು. ಅಲ್ಲಿಂದ ಕಳಿಸುವುದಾದರೆ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕಾಗುತ್ತದೆ.