ಕಾಯಿಲೆಯ ಗುಟ್ಟು ಯಾರ ಫೋನಿನಲ್ಲಿ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಳಗ್ಗೆ ಮೈಸೂರಿಗೆ ಬರುವ ಬಸ್ಸುಗಳಲ್ಲಿ ದೊಡ್ಡಾಸ್ಪತ್ರೆಗೆ ಹೊರಟವರನ್ನು ಗುರುತಿಸುವುದು ಸುಲಭ. ಬಟ್ಟೆ ಅಂಗಡಿಯ ಹೆಸರಿರುವ ಕವರೊಂದು ಅವರ ಮಡಿಲಲ್ಲಿರುತ್ತದೆ. ಒಳಗೆ ಎಕ್ಸ್-ರೇ, ಅಕ್ಷರ ಮಾಸಿದ ಇಸಿಜಿ, ನಾಲ್ಕೈದು ವರ್ಷದ ಚೀಟಿಗಳು. ಆ ಕವರ್ ಮಳೆಗೆ ನೆನೆದರೆ, ಬಸ್ಸಿನಲ್ಲೇ ಉಳಿದರೆ ಮತ್ತೆ ರಕ್ತ ಪರೀಕ್ಷೆಯಿಂದ ಶುರು. ಕೂಲಿ ಬಿಟ್ಟು ಬಂದವರಿಗೆ ಅದು ಇನ್ನೊಂದು ದಿನದ ನಷ್ಟ.

ಪಿರಿಯಾಪಟ್ಟಣದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಶುಗರ್, ಬಿಪಿ ಎರಡೂ ಇದೆ. ‘ಯಾವ ಮಾತ್ರೆ ತಗೋತಿದ್ದೀರಮ್ಮ?’ ಎಂದು ಡಾಕ್ಟರ್ ಕೇಳಿದರೆ, ‘ಬಿಳೀದೊಂದು, ರೋಸ್ ಬಣ್ಣದ್ದೊಂದು ಸ್ವಾಮಿ’ ಎನ್ನುತ್ತಾರೆ. ಎಷ್ಟೋ ಮಾತ್ರೆಗಳು ಬಿಳಿಯವೇ! ಹಾಗಾಗಿ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕಾಣುವಂತಾದರೆ ಬೇಡ ಎನ್ನುವವರು ನಮ್ಮ ಕಡೆ ಕಡಿಮೆ.

ಅದಕ್ಕೆಂದೇ ಬಂದಿರುವುದು ‘ಆಭಾ’. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಶುರುವಾಗಿದ್ದು 2021ರ ಸೆಪ್ಟೆಂಬರ್ 27ರಂದು. ಇದರಡಿ ಸಿಗುವ 14 ಅಂಕಿಯ ಸಂಖ್ಯೆಯೇ ಆಭಾ. ಬಹಳ ಜನ ಇದನ್ನು 5 ಲಕ್ಷದ ಚಿಕಿತ್ಸೆಯ ಕಾರ್ಡ್ ಎಂದುಕೊಂಡಿದ್ದಾರೆ; ಅದೇ ಬೇರೆ, ಇದೇ ಬೇರೆ. ಆಭಾದಲ್ಲಿ ದುಡ್ಡಿಲ್ಲ, ದಾಖಲೆಗೆ ದಾರಿ ಮಾತ್ರ ಇದೆ. ದಾಖಲೆಗಳೆಲ್ಲ ದೆಹಲಿಯ ಒಂದು ಬೀರುವಿನಲ್ಲಿ ತುಂಬಿರುವುದೂ ಇಲ್ಲ. ಆಯಾ ಆಸ್ಪತ್ರೆಯ ದಾಖಲೆ ಅಲ್ಲೇ ಇರುತ್ತದೆ. ಬೇರೆ ವೈದ್ಯರು ಕೇಳಿದಾಗ ಯಾವ ದಾಖಲೆ, ಎಷ್ಟು ದಿನದವರೆಗೆ ಎಂದು ನಾವು ಒಪ್ಪಿದರೆ ಹೋಗುತ್ತದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಆಭಾ ಮಾಡಿಸಿಕೊಳ್ಳುವುದು ಕಡ್ಡಾಯವೂ ಅಲ್ಲ.

ಕಾಗದದ ಮೇಲೆ ಎಲ್ಲ ಚೆಂದ. ಆದರೆ ಆ ಒಪ್ಪಿಗೆ ಬರುವುದು ಫೋನಿಗೆ. ನಮ್ಮ ಹಳ್ಳಿಗಳಲ್ಲಿ ಫೋನ್ ಯಾರದು? ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಮಗನ ಜೇಬಿನಲ್ಲೋ ಗಂಡನ ಜೇಬಿನಲ್ಲೋ ಇರುತ್ತದೆ. ಅಮ್ಮನ ಓಟಿಪಿ ಮಗನಿಗೆ ಬರುತ್ತದೆ, ಸೊಸೆಯದು ಗಂಡನಿಗೆ. ಶುಗರ್ ರಿಪೋರ್ಟ್ ಆದರೆ ಅಡ್ಡಿಯಿಲ್ಲ. ಗರ್ಭಪಾತದ ಚೀಟಿ, ಮನೋವೈದ್ಯರ ಮಾತ್ರೆ, ಕ್ಷಯದ ಪರೀಕ್ಷೆಯಾದರೆ? ಎಚ್‌ಐವಿ ಇರುವವರ ಮಾಹಿತಿಯನ್ನೂ ಮಾನಸಿಕ ಕಾಯಿಲೆ ಇರುವವರ ಮಾಹಿತಿಯನ್ನೂ ಗುಟ್ಟಾಗಿಡಬೇಕೆಂದು 2017ರ ಎರಡು ಕಾಯ್ದೆಗಳು ಹೇಳುತ್ತವೆ. ಮನೆಯೊಳಗಿನ ಫೋನಿಗೆ ಕಾಯ್ದೆ ಗೊತ್ತಿಲ್ಲ.

ಇನ್ನು ಕೋಟೆ ಕಡೆಯ ಮಾತು. 2023ರ ಜುಲೈ 1ರಂದು ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನೆಯ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿ ಅದರದ್ದು. ಜೇನು ಕುರುಬ, ಬೆಟ್ಟ ಕುರುಬರ ಹಾಡಿಗಳಿರುವ ನಮ್ಮ ಕಾಡಂಚಿಗೆ ಇದು ನೇರವಾಗಿ ಸಂಬಂಧಿಸಿದ್ದು. ಪರೀಕ್ಷೆಯ ಫಲಿತಾಂಶ ರಾಷ್ಟ್ರೀಯ ಪೋರ್ಟಲ್‌ಗೆ ಹೋಗುತ್ತದೆ, ಪರೀಕ್ಷೆಯಾದವರಿಗೆ ಕಾರ್ಡ್ ಸಿಗುತ್ತದೆ. ಮೂಳೆ ಮುರಿದಂಥ ನೋವಿನಿಂದ ಚೀರುವ ಮಗುವನ್ನು ಹಾಡಿಯಿಂದ ರಾತ್ರಿ ಮೈಸೂರಿಗೆ ತಂದರೆ, ಆ ಕಾರ್ಡ್ ನೋಡಿದ ಡ್ಯೂಟಿ ಡಾಕ್ಟರಿಗೆ ‘ಇದೇನಿರಬಹುದು’ ಎಂದು ಹುಡುಕುವ ಹೊತ್ತು ಉಳಿಯುತ್ತದೆ. ಅದು ಸಣ್ಣ ಲಾಭವಲ್ಲ.

ಅದೇ ಕಾರ್ಡ್ ಮದುವೆಯ ಮಾತಿಗೂ ಬರುತ್ತದೆ. ಅಪ್ಪ-ಅಮ್ಮ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಇದನ್ನು ಮೊದಲೇ ತಿಳಿಸಿ ಸಲಹೆ ಕೊಡುವುದು ಯೋಜನೆಯ ಉದ್ದೇಶ. ಸರಿಯೇ. ಆದರೆ ವಾಹಕ ಎಂದರೆ ರೋಗಿಯಲ್ಲ. ಸಾಮಾನ್ಯವಾಗಿ ಎಲ್ಲರಂತೆ ದುಡಿದು, ಹಡೆದು ಬದುಕುವವರು. ಹತ್ತಾರು ಮನೆಗಳ ಹಾಡಿಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಒಬ್ಬಳ ಕಾರ್ಡ್ ಹೀಗಂತೆ ಎಂದು ಒಬ್ಬರ ಬಾಯಿಗೆ ಬಿದ್ದರೆ ಸಾಕು, ‘ಅವಳ ರಕ್ತ ಸರಿಯಿಲ್ಲ’ ಎಂಬ ಮಾತಾಗಲು ಎಷ್ಟು ಹೊತ್ತು ಬೇಕು? ಅವಳ ಜೊತೆಗೆ ಅಣ್ಣ-ತಂಗಿಯರ ಸಂಬಂಧಗಳೂ ಮುರಿಯಬಹುದು. ಶುಗರ್ ರಿಪೋರ್ಟ್ ಒಬ್ಬರದು, ಇದು ಇಡೀ ವಂಶದ್ದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗೇ ಸೈಬರ್ ದಾಳಿಯಾಗಿ ಹಲವು ದಿನ ಕೈಬರಹದಲ್ಲೇ ಕೆಲಸ ನಡೆಯಿತು. ಏಮ್ಸ್‌ಗೇ ಹೀಗಾದರೆ ತಾಲ್ಲೂಕು ಆಸ್ಪತ್ರೆಯ ಒಂದೇ ಕಂಪ್ಯೂಟರನ್ನು ಕಾಯುವವರು ಯಾರು?

ಹಾಗೆಂದು ಕವರಿಗೇ ಮರಳೋಣ ಎನ್ನುವುದಿಲ್ಲ. ಕವರೂ ಗುಟ್ಟು ಕಾಪಾಡಿದ್ದೇನಲ್ಲ. ಬಸ್ಸಿನಲ್ಲಿ ಪಕ್ಕದವರು ಕಸಿದು ಓದಿ ಸಲಹೆ ಕೊಡುವುದನ್ನು ಯಾರು ನೋಡಿಲ್ಲ? ನನ್ನ ಬೇಡಿಕೆ ಇಷ್ಟೇ: ಕೌಂಟರಿನಲ್ಲಿ ‘ಓಟಿಪಿ ಹೇಳಮ್ಮ’ ಎನ್ನುವ ಮೊದಲು, ಅದು ಯಾತಕ್ಕೆ, ಬೇಡ ಎಂದರೂ ಚಿಕಿತ್ಸೆ ಸಿಗುತ್ತದೆಯೇ ಎಂಬುದನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಲಿ. ಹಾಡಿಯಲ್ಲಿ ಫಲಿತಾಂಶವನ್ನು ಸಾಲಿನಲ್ಲಿ ಹೆಸರು ಕೂಗಿ ಕೊಡದೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಅವರ ಮಾತು ಬಲ್ಲವರಿಂದ ತಿಳಿಸಲಿ. ಓದು ಬಲ್ಲ ನಾವು ಮನೆಯ ಹೆಂಗಸರ ಆಭಾವನ್ನು ಅವರದೇ ಸಿಮ್‌ಗೆ ಜೋಡಿಸಿಕೊಡಬಹುದು. ಓಟಿಪಿ ಬರಲು ಸ್ಮಾರ್ಟ್‌ಫೋನ್ ಬೇಕಿಲ್ಲ, ಕೀಪ್ಯಾಡ್ ಫೋನ್ ಸಾಕು.